ಅಥಾರಿಟಿ ಅಂದ್ರೆ ಯಾರು?

ನಿಘಂಟಿನಲ್ಲಿ ಅಥಾರಿಟಿ ಎಂಬ ಪದಕ್ಕೆ ಒಂದೂವರೆ ಸಾಲಿನ ಅರ್ಥವಿದೆ. ತಮಿಳುನಾಡಿನ ಅವಿನಾಶಿಗೆ ಬಂದ ಮೇಲೆ ಆ ಒಂದೂವರೆ ಸಾಲು ನನ್ನನ್ನು ಕುಣಿಸಿದಷ್ಟು ಯಾವ ಮೇಲಧಿಕಾರಿಯೂ ಕುಣಿಸಿಲ್ಲ; ಈಗಲೂ ಕುಣಿಸುತ್ತಲೇ ಇದೆ.

ದಾವಣಗೆರೆಯಿಂದ ಬಂದು ಇಲ್ಲಿನ ಒಂದು ಬನಿಯನ್ ಕಂಪನಿಯಲ್ಲಿ ಕೆಲಸಗಾರರ ಉಸ್ತುವಾರಿಗೆ ಸೇರಿದ್ದೆ. ಕೆಲಸ ಇನ್ನೂ ಪರ್ಮನೆಂಟ್ ಆಗಿರಲಿಲ್ಲ. ಅಷ್ಟರಲ್ಲಿ ವಿದೇಶದ ಖರೀದಿದಾರರ ಕಡೆಯಿಂದ ತಪಾಸಣೆಗೆ ಬರುತ್ತಾರೆ, "ಅಪಾಯ ಕಂಡರೆ ಮೆಷಿನ್ ನಿಲ್ಲಿಸುವ ಅಥಾರಿಟಿ ಯಾರಿಗಿದೆ?" ಎಂದು ಸಿಕ್ಕಸಿಕ್ಕವರನ್ನೆಲ್ಲ ಕೇಳುತ್ತಾರೆ ಎಂಬ ಸುದ್ದಿ ಬಂತು. ಮಾಲೀಕರು ನನ್ನನ್ನು ಕರೆದು ತಮಿಳಿನಲ್ಲಿ, "ತಂಬಿ, ಆ ಪದದ ಅರ್ಥ, ಬಳಕೆ ಎರಡನ್ನೂ ಎಲ್ಲರಿಗೂ ಕಲಿಸಿಬಿಡು. ಪಾಸಾದರೆ ನಿನ್ನ ಪರ್ಮನೆಂಟ್ ವಿಚಾರ ನೋಡೋಣ" ಎಂದರು. ಪಾಸಾಗದಿದ್ದರೆ ಏನು ನೋಡುತ್ತೀರಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಪಾಠ

ಪಾಠಕ್ಕೆ ನಮ್ಮ ಕಟಿಂಗ್ ಮಾಸ್ಟರ್ ಮುಂದಿನ ಸಾಲಿನಲ್ಲೇ ಬಂದು ಕೂತರು. ಅವರದು ತಲೆಮಾರುಗಳಿಂದ ಇಲ್ಲೇ ನೆಲೆಸಿದ ಬೇಸಾಯದ ಮನೆತನ, ಮನೆಮಾತು ಕನ್ನಡ. ನನಗೆ ಅವರೇ ಧೈರ್ಯ.

"ಯಾರನ್ನೂ ಕೇಳದೆ ತೀರ್ಮಾನ ಮಾಡೋ ಅಧಿಕಾರಕ್ಕೇ ಅಥಾರಿಟಿ ಅನ್ನೋದು" ಎಂದು ವಿವರಿಸಿದೆ. "ಅಪಾಯ ಕಂಡ್ರೆ ನಿಮ್ಮ ಮೆಷಿನ್ ನೀವೇ ನಿಲ್ಲಿಸಬಹುದು. ಎಲ್ಲಿ, 'ನನಗೆ ಅಥಾರಿಟಿ ಇದೆ' ಅಂತ ಗಟ್ಟಿಯಾಗಿ ಹೇಳಿ ನೋಡೋಣ."

ಮಾಸ್ಟರ್ ಎದ್ದು ನಿಂತರು. ಗಂಟಲು ಸರಿಮಾಡಿಕೊಂಡರು. ಬಾಗಿಲ ಕಡೆ ಒಮ್ಮೆ ನೋಡಿದರು.

"ಹೇಳ್ತೀನಿಂಗ ಸಾರ್. ಮ್ಯಾನೇಜರನ್ನ ಒಂದ್ ಮಾತು ಕೇಟ್ಟು ಬಂದ್ಬುಡ್ತೀನಿಂಗ."

ಗೇಟು

ಪಾಠ ನಿಜಕ್ಕೂ ತಲೆಗೆ ಹತ್ತಿದ್ದು ವಾಚ್‌ಮನ್‌ಗೆ. ಮರುದಿನ ಬೆಳಿಗ್ಗೆ ಗುರುತಿನ ಚೀಟಿ ಇಲ್ಲದೆ ಬಂದ ಮಾಲೀಕರ ಕಾರನ್ನೇ ತಡೆದ.

"ಚೀಟಿ ಇಲ್ಲದವರನ್ನು ತಡೆಯೋ ಅಥಾರಿಟಿ ನನಗಿದೆ ಸಾರ್."

"ಏನಯ್ಯಾ, ಕಂಪನೀನೇ ನನ್ನದು!"

"ಇರಬಹುದು ಸಾರ್. ಯಾವುದಕ್ಕೂ ಪಾಠ ಹೇಳಿದವರನ್ನು ಕೇಳಿಬಿಡ್ತೀನಿ" ಎಂದು ನನಗೆ ಫೋನ್ ಮಾಡಿದ.

ಬಿದ್ದೆನೋ ಎದ್ದೆನೋ ಎಂದು ಓಡಿ ಬಂದು, "ಬಿಡಪ್ಪಾ, ಅವರನ್ನ ಒಳಗೆ ಬಿಡು" ಎಂದೆ. ಗೇಟು ತೆರೆಯಿತು. ನನ್ನ ಪರ್ಮನೆಂಟ್ ಅಲ್ಲೇ ಧೂಳಿನಲ್ಲಿ ಹಾರಿಹೋಯಿತೆಂದು ನಾನು ನಿಂತಿದ್ದರೆ, ಮಾಲೀಕರು ಕಾರಿನ ಗಾಜು ಇಳಿಸಿದರು.

"ದೊಡ್ಡ ಉಪಕಾರವಾಯ್ತು ತಂಬಿ. ನನ್ನ ಕುರ್ಚಿ ಮೇಲೆ ಕೂತ್ಕೋಬಹುದಾ, ಅದಕ್ಕೂ ನಿನ್ನನ್ನೇ ಕೇಳಬೇಕಾ?"

ಮಂಚ

ಈ ಚಿಂತೆಯಲ್ಲಿ ಚಾಪೆಯ ಮೇಲೆ ನಿದ್ದೆ ಬಾರದೆ ಒಂದು ಮಂಚ ಕೊಳ್ಳೋಣವೆಂದುಕೊಂಡೆ. ತಮಿಳರ ಆಡಿ ತಿಂಗಳು, ಅಂಗಡಿಗಳಲ್ಲೆಲ್ಲ ರಿಯಾಯಿತಿ. ನಮ್ಮ ಲೆಕ್ಕದಲ್ಲಿ ಆಷಾಢ ಮುಗಿದು ಶ್ರಾವಣ ಬಂದಾಗಿತ್ತು. ಇಲ್ಲಿಯವರ ಆಡಿ ಮಾತ್ರ ಇನ್ನೂ ಅರ್ಧ ಬಾಕಿ. ಆಡಿಯಲ್ಲಿ ಹೊಸ ಮಂಚ ಮನೆಯೊಳಗೆ ಬರುವಂತಿಲ್ಲವಂತೆ. ನನ್ನ ಬಾಡಿಗೆ ಮನೆಯ ಮಾಲೀಕರೂ ಹಳೆಯ ಕನ್ನಡದ ಮನೆಯವರೇ; ಅವರನ್ನು ಅಣ್ಣ, ಅವರ ಹೆಂಡತಿಯನ್ನು ಅಕ್ಕ ಎನ್ನುತ್ತಿದ್ದೆ.

"ನೀವು ತಕ್ಕೊಂಡು ಬನ್ನಿಂಗ. ಈ ಮನೇಲಿ ನಾನು ಹೇಳಿದ್ದೇ" ಎಂದು ಅಣ್ಣ ಎದೆ ತಟ್ಟಿಕೊಂಡರು. ಆಹಾ, ಕೊನೆಗೂ ಒಬ್ಬ ಅಥಾರಿಟಿ ಸಿಕ್ಕಿದರಲ್ಲ ಎಂದು ನಾನು ಹಿಗ್ಗಿದೆ.

ಮಂಚ ಬಂದಾಗ ಅಕ್ಕ ಬಾಗಿಲಲ್ಲಿ ನಿಂತಿದ್ದರು. ಹೆಚ್ಚು ಮಾತಿಲ್ಲ. "ಆಡಿ ಕಳೆದು ಆವಣಿ ಬರಲಿ. ಅಲ್ಲೀತನಕ ಕೊಟ್ಟಿಗೇಲಿ ಇರಲಿ, ಅದು ಮನೆ ಲೆಕ್ಕಕ್ಕೆ ಬರಲ್ಲ" ಎಂದರು. ಹೊಸ ಮಂಚವನ್ನು ಹಾಗೇ ಬಿಟ್ಟರೆ ಕಳ್ಳರು ಹೊತ್ತೊಯ್ದಾರು ಎಂದು ಕಾವಲಿಗೆ ಅಣ್ಣನನ್ನೂ ಅಲ್ಲಿಗೇ ಕಳಿಸಿದರು.

ಆಡಿ ಮುಗಿಯುವವರೆಗೆ ನಾನು ಚಾಪೆಯ ಮೇಲೆ, ಅಥಾರಿಟಿ ಎಮ್ಮೆಯ ಪಕ್ಕ.

ತಪಾಸಣೆ

ತಪಾಸಣೆಗೆ ಬಂದದ್ದು ಒಬ್ಬ ಮೇಡಂ. ನಗುವಿಲ್ಲದ ಮುಖ, ಬರೀ ಇಂಗ್ಲಿಷು. ನೇರ ಕಟಿಂಗ್ ಮಾಸ್ಟರ್ ಹತ್ತಿರ ಹೋಗಿ ಅದೇ ಪ್ರಶ್ನೆ ಕೇಳಿದರು. ಮಾಸ್ಟರ್ ಮ್ಯಾನೇಜರನ್ನು ನೋಡಿದರು, ಮ್ಯಾನೇಜರ್ ಮಾಲೀಕರನ್ನು ನೋಡಿದರು, ಮಾಲೀಕರು ನನ್ನನ್ನು ನೋಡಿದರು. ನಾನು ದಾವಣಗೆರೆಗೆ ಹೊರಡುವ ಬಸ್ಸಿನ ಹೊತ್ತು ನೆನಪು ಮಾಡಿಕೊಂಡೆ.

ಅಷ್ಟರಲ್ಲಿ ಮೇಡಂ ಅವರ ದುಪಟ್ಟಾದ ಅಂಚು ಓಡುತ್ತಿದ್ದ ಬ್ಲೇಡಿನ ಕಡೆ ಜಾರಿತು. ಮಾಸ್ಟರ್ ಥಟ್ಟನೆ ಸ್ವಿಚ್ ಆರಿಸಿದರು. ಆಮೇಲೆ ಹೆದರಿ ಕೈಮುಗಿದು, "ಕೇಳದೆ ನಿಲ್ಲಿಸಿಬಿಟ್ಟೆ, ಮನ್ನಿಸಬೇಕು" ಎಂದು ತಮಿಳಿನಲ್ಲಿ ಮ್ಯಾನೇಜರ್ ಎದುರು ನಿಂತರು.

ಮೇಡಂ ಮುಖದಲ್ಲಿ ಮೊದಲ ಸಲ ನಗು ಕಂಡಿತು. ಮಾಲೀಕರ ಕೋಣೆಗೆ ಬಂದು, ಪಾಸು ಎಂದು ಸಹಿ ಹಾಕಿದರು. ನನಗೆ ಹೋದ ಜೀವ ಬಂತು. ಬಂದ ಜೀವದ ಹುರುಪಿನಲ್ಲೇ, "ಸಾರ್, ಹಾಗಾದ್ರೆ ನನ್ನ ಪರ್ಮನೆಂಟು?" ಎಂದೆ.

ಮಾಲೀಕರು ಗೋಡೆಯ ಮೂಲೆ ನೋಡಿದರು. "ಇರು ತಂಬಿ, ಪಲ್ಲಿ ಹೇಳಲಿ."

ಈ ಕಡೆ ಇದೊಂದು ನಂಬಿಕೆ. ದೊಡ್ಡ ಕೆಲಸಕ್ಕೆ ಹಲ್ಲಿ ಲೊಚಗುಟ್ಟಿದರೆ ಒಪ್ಪಿಗೆ. ಮೂಲೆಯಲ್ಲಿ ಹಲ್ಲಿಯೇನೋ ಇತ್ತು. ಟ್ಯೂಬ್‌ಲೈಟಿನ ಪಕ್ಕ ಅಲ್ಲಾಡದೆ ಕೂತಿತ್ತು. ಫ್ಯಾನ್ ತಿರುಗುತ್ತಿತ್ತು, ಮೇಡಂ ತಲೆ ತಗ್ಗಿಸಿ ಫೈಲು ಜೋಡಿಸುತ್ತಿದ್ದರು. ನಾನು ನನ್ನ ಮನೆದೇವರನ್ನು ಬಿಟ್ಟು ಆ ಹಲ್ಲಿಯನ್ನೇ ಬೇಡಿಕೊಂಡೆ. ಅದು ಒಂದು ಸೊಳ್ಳೆ ನುಂಗಿ ಸುಮ್ಮನಾಯಿತು.

"ಲೊಚ್ ಲೊಚ್ ಲೊಚ್."

ಮಾಲೀಕರು ಕಣ್ಣುಮುಚ್ಚಿ ಕೈಮುಗಿದರು. "ಪರ್ಮನೆಂಟ್!"

ಮೇಡಂ ಅವರನ್ನು ಕಾರಿನವರೆಗೆ ಬಿಡಲು ಹೋದೆ. "ಥ್ಯಾಂಕ್ಯೂ ಮೇಡಂ" ಎಂದೆ. ಅವರು ಕಾರಿನಲ್ಲಿ ಕೂತು, ಅತ್ತ ಇತ್ತ ನೋಡಿ, ನಾಲಿಗೆಯಿಂದ ಒಮ್ಮೆ ಲೊಚಗುಟ್ಟಿ, ಅಚ್ಚ ಕನ್ನಡದಲ್ಲಿ ಹೇಳಿದರು:

"ಪರವಾಗಿಲ್ಲ ಬಿಡ್ರಿ. ನಮ್ಮಜ್ಜಿ ಹತ್ರ ಸಿನಿಮಾಕ್ಕೆ ಪರ್ಮಿಷನ್ ತಗೊಳ್ತಿದ್ದದ್ದೂ ನಾನು ಹೀಗೇನೆ."