ಹಿಡಿಯದ ಕುಸ್ತಿ

ನಮ್ಮ ಕಡೆ ಪೈಲ್ವಾನರು ಸತ್ತರೂ ಅವರ ಕುಸ್ತಿ ಮುಗಿಯುವುದಿಲ್ಲ. ದಿನಾ ಹೊಸದೊಂದು ಹುಟ್ಟುತ್ತದೆ. ಅದು ನನ್ನ ಅಂಗಡಿಯಲ್ಲೇ ಹುಟ್ಟುತ್ತದೆ.

ನಾನು ಟೇಲರ್. ಕಲಬುರ್ಗಿ ಕೋಟೆಯ ಹತ್ತಿರ ಅಂಗಡಿ. ಒಂದು ಮಿಷಿನ್, ಒಂದು ಬೆಂಚು. ಮಿಷಿನ್ ನನ್ನದು. ಬೆಂಚು ಊರವರದು.

ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಬ್ಬರು ಪೈಲ್ವಾನರಿದ್ದರು. ಒಬ್ಬ ಕೋಟೆ ಪೈಲ್ವಾನ. ಇನ್ನೊಬ್ಬ ಕಮಲಾಪುರ ಪೈಲ್ವಾನ. ಇಬ್ಬರೂ ಸೋತಿದ್ದನ್ನು ಯಾರೂ ಕಂಡಿಲ್ಲ. ಆದರೆ ಅವರಿಬ್ಬರು ಎಂದೂ ಎದುರುಬದುರು ನಿಂತವರಲ್ಲ. ಕೋಟೆಯವನು ಕುಸ್ತಿ ಬಿಟ್ಟು ಕೋಲು ಹಿಡಿದಾಗ ಕಮಲಾಪುರದವನಿಗೆ ಇನ್ನೂ ಮೀಸೆ ಬಂದಿರಲಿಲ್ಲ. ಈಗ ಇಬ್ಬರೂ ಇಲ್ಲ. ಉಳಿದದ್ದು ಒಂದೇ ಪ್ರಶ್ನೆ, ಇಬ್ಬರ ತುಂಬು ಪ್ರಾಯದ್ದು. "ಇಬ್ರೂ ಭರ್ತಿ ಜವಾನಿಯೊಳಗ ಹಿಡದಿದ್ರ ಯಾರು ಬೀಳ್ತಿದ್ರು?"

ನನಗೆ ಇದು ಬೇಕೇ? ಬೇಡ. ಆದರೆ ನನ್ನ ಹೆಂಡತಿ ಕಮಲಾಪುರದವಳು. ಮಗಳನ್ನು ಅಲ್ಲಿಯ ಬಾಳೆಹಣ್ಣಿನ ವ್ಯಾಪಾರಿಯ ಮಗನಿಗೆ ಕೊಡಬೇಕು ಅಂತ ಆಕೆಯ ಆಸೆ. ಹುಡುಗ ಒಳ್ಳೆಯವ. ಮಗಳಿಗೂ ಮನಸ್ಸಿತ್ತು. ದವಾಖಾನೆಯಲ್ಲಿ ಮಲಗಿದಾಗ ಹೆಂಡತಿ ನನ್ನ ಕೈ ಹಿಡಿದು ಹೇಳಿದ್ದು ಇಷ್ಟೇ. "ಈ ಸಂಬಂಧ ಬಿಡಬ್ಯಾಡ್ರಿ." ಆಮೇಲೆ ಆಕೆ ಉಳಿಯಲಿಲ್ಲ.

ತೊಡಕು ಒಂದೇ. ಆ ವ್ಯಾಪಾರಿ ಕಮಲಾಪುರ ಪೈಲ್ವಾನನ ಕಡೆ. ನಮ್ಮಣ್ಣ ಕೋಟೆ ಪೈಲ್ವಾನನ ಕಡೆ. ಅಣ್ಣ ಹೂಂ ಅನ್ನದೆ ನಮ್ಮ ಮನೆಯಲ್ಲಿ ಲಗ್ನ ಆಗುವುದಿಲ್ಲ. ವ್ಯಾಪಾರಿ ಹೂಂ ಅನ್ನದೆ ಅವರ ಮನೆಯಲ್ಲಿ ಆಗುವುದಿಲ್ಲ. ಇಬ್ಬರೂ ಕೂಡಿದರೆ ಹುಡುಗನ ಮಾತು ಇಲ್ಲ, ಹುಡುಗಿಯ ಮಾತು ಇಲ್ಲ.

ಅಳತೆ

ಇದು ಹೆಂಡತಿ ಇದ್ದಾಗಿನದು. ಇಬ್ಬರು ಪೈಲ್ವಾನರಿಗೂ ನಾನು ಅಂಗಿ ಹೊಲಿದು ಕೊಟ್ಟಿದ್ದೆ. ಅದೇ ನನಗೆ ಮುಳುವಾಯಿತು.

ಒಂದು ದಿನ ಗಿರಾಕಿಯೊಬ್ಬರ ಎದೆಗೆ ಟೇಪು ಸುತ್ತಿದ್ದೆ. ಅವರು ಎರಡೂ ಕೈ ಮೇಲೆತ್ತಿ ನಿಂತಿದ್ದರು. ಬೆಂಚಿನ ಮೇಲೆ ಅಣ್ಣ. ಪಕ್ಕದಲ್ಲಿ ಮೋಮಿನಪುರದ ಚಹಾ ಹೋಟೆಲಿನ ಸಾಹೇಬರು.

ಸಾಹೇಬರು ಕೇಳಿದರು, "ಟೇಲರ್ ಸಾಬ್, ಇಬ್ರಿಗೂ ಅಳತಿ ತಗೊಂಡವರು ನೀವೊಬ್ರೇ. ಸಚ್ ಬೋಲೋ, ಎದಿ ಯಾರದು ದೊಡ್ಡದು?"

"ಒಬ್ಬಂದು ಮುಪ್ಪಿನಾಗ ಅಳದೀನಿ, ಒಬ್ಬಂದು ಪ್ರಾಯದಾಗ ಅಳದೀನಿ. ಹ್ಯಾಂಗ್ ಹೇಳ್ಲಿ?"

"ಮುಪ್ಪಿನಾಗ ಎದಿ ಕುಗ್ತದ," ಅಂದ ಅಣ್ಣ. "ಕೋಟಿಯವಂದು ಎರಡಿಂಚು ಕೂಡಸು."

"ಅರೆ, ಮುಪ್ಪಿನಾಗ ಹೊಟ್ಟಿ ಬೆಳೀತದ. ಅದನ್ನ ಕಳೀರಿ."

"ಹೊಟ್ಟಿ ಯಾಕ ಕಳೀಬೇಕು? ಕುಸ್ತಿಯೊಳಗ ಹೊಟ್ಟಿ ಭಾರ ಬರ್ತದ."

ಕೂಡಿಸಿದರು. ಕಳೆದರು. ಮತ್ತೆ ಕೂಡಿಸಿದರು. ಸತ್ತ ಮನುಷ್ಯನ ಎದೆ ನನ್ನ ಅಂಗಡಿಯಲ್ಲಿ ಹಿಗ್ಗಿತು, ಕುಗ್ಗಿತು. ಕೊನೆಗೆ ಸಾಹೇಬರು ನನ್ನ ಗಿರಾಕಿಯನ್ನೇ ಕೇಳಿದರು. "ನೀವರೆ ಹೇಳ್ರಿ, ಯಾರು ಗೆಲ್ತಿದ್ರು?"

ಅವರು ಅಂದರು, "ನೀವು ಯಾರು ಅಂತೀರಿ ಅವರೇ ಗೆಲ್ಲಲಿ. ನಾ ಈಗ ಕೈ ಇಳಸ್ಲೇನ್ರಿ?"

ಮಾತಾಡಿಸಲು ಬಂದವರು

ಹೆಂಡತಿ ತೀರಿಕೊಂಡ ಮೂರನೇ ದಿನ ವ್ಯಾಪಾರಿ ಕಮಲಾಪುರದಿಂದ ಬಂದರು. ಅಣ್ಣನ ಎದುರಿಗೆ ಕಂಬಳಿ ಮೇಲೆ ಕುಳಿತರು. ಅಣ್ಣ ಅವರ ಮುಂದೆ ನೀರಿನ ಚೊಂಬು ಸರಿಸಿದ. ನನಗೆ ಅಷ್ಟೇ ಸಾಕಿತ್ತು.

ವ್ಯಾಪಾರಿ ಉಸಿರು ಬಿಟ್ಟರು. "ಭಾಳ ಗಟ್ಟಿ ಹೆಣ್ಮಗಳು. ಒಂದಿನ ನರಳಲಿಲ್ಲಂತ. ನಮ್ಮೂರ ನೀರೇ ಹಂಗ."

"ನೀರು ನಿಮ್ಮೂರದಿರಬಹುದು," ಅಂದ ಅಣ್ಣ. "ಗಟ್ಟಿಯಾಗಿದ್ದು ನಮ್ಮನಿಗಿ ಬಂದ ಮ್ಯಾಲ."

"ಹಂಗ್ಯಾಕಂತೀರಿ? ಆ ನೀರು ಕುಡದೇ ನಮ್ಮ ಪೈಲ್ವಾನ..."

ಬಂತು. ನನಗೆ ಗೊತ್ತಿತ್ತು.

"ನಿಮ್ಮ ಪೈಲ್ವಾನಗ ನೀರು ಕುಡಸವರು ಇಲ್ಲೇ ಇದ್ರು. ಆಗ ಅಂವ ಹುಟ್ಟಿರಲಿಲ್ಲ, ಬಚಾವಾದ."

"ನಿಮ್ಮಂವ ಲಗೂನ ಮುದುಕಾದ, ಅದಕ್ಕ ಬಚಾವಾದ."

ನಾನು ಅಂದೆ, "ಅಣ್ಣಾ, ಇಲ್ಲಿ ದುಃಖ ನಡದದ."

"ಇದೂ ದುಃಖದ ಮಾತೇ ಅದಲ್ಲೋ! ಅಂವ ಹೋಗಿ ಎಷ್ಟು ವರ್ಷಾತು, ಈಗ ಯಾರ್‍ಯಾರ ಬಾಯಾಗ ಬೀಳ್ಲಕತ್ತಾನ ನೋಡು." ಅಣ್ಣನ ಕಣ್ಣಲ್ಲಿ ನೀರು ಬಂತು. ವ್ಯಾಪಾರಿಗೂ ತಮ್ಮವನ ನೆನಪಾಯಿತು. ಅವರೂ ಟವೆಲ್ಲಿನಲ್ಲಿ ಕಣ್ಣು ಒರೆಸಿಕೊಂಡರು.

ದಿನಾ ಅಂಗಡಿಯಲ್ಲಿ ಆದದ್ದನ್ನು ನಾನು ಮನೆಗೆ ಬಂದು ಆಕೆಗೆ ಹೇಳುತ್ತಿದ್ದೆ. ಆಕೆ ನಗುತ್ತಿದ್ದಳು. ಇದನ್ನು ಯಾರಿಗೆ ಹೇಳಲಿ?

ಬಾಗಿಲಲ್ಲಿ ಪಕ್ಕದ ಮನೆಯ ಅಮ್ಮ ನಿಂತಿದ್ದರು. ಇಬ್ಬರು ಗಂಡಸರು ಅಳುವುದನ್ನು ನೋಡಿ ಒಳಗಿನವರಿಗೆ ಅಂದರು, "ಪಾಪ, ಆಕಿನ್ನ ಎಷ್ಟು ಹಚ್ಚಿಕೊಂಡಿದ್ರು ನೋಡ್ರೀ!"

ಬಾಕ್ಸರ್

ಆಮೇಲೆ ಒಂದು ಸಲ ಅಣ್ಣ, ವ್ಯಾಪಾರಿ ಇಬ್ಬರೂ ನನ್ನ ಅಂಗಡಿಯಲ್ಲೇ ಸಿಕ್ಕರು. ಕೋಟನೂರಿನ ಬ್ಯಾಂಕ್ ಕ್ಲರ್ಕ್ ಒಬ್ಬರು ಪ್ಯಾಂಟಿನ ಬಟ್ಟೆ ತಂದು ಕುಳಿತಿದ್ದರು. ಮನೆಮನೆಗೆ ಬಣ್ಣದ ಟಿವಿ ಬಂದ ಕಾಲ ಅದು. ಪೈಲ್ವಾನರ ಮಾತು ಕೇಳಿ ಕೇಳಿ ಅವರಿಗೆ ಸಾಕಾಯಿತು.

"ಏನ್ರಿ ನಿಮ್ಮ ಪೈಲ್ವಾನ್ರು? ಟಿವಿಯೊಳಗ ಹೊರದೇಶದ ಬಾಕ್ಸರ್ ಬರ್ತಾನ. ಇಡೀ ಜಗತ್ತಿಗೇ ಚಾಂಪಿಯನ್. ಅಂವ ಒಂದು ಗುದ್ದು ಕೊಟ್ರ ನಿಮ್ಮಿಬ್ರೂ ಪೈಲ್ವಾನ್ರು ಕೂಡೇ ಮಲಗ್ತಾರ."

ಅಣ್ಣ ವ್ಯಾಪಾರಿಯ ಮುಖ ನೋಡಿದ. ವ್ಯಾಪಾರಿ ಅಣ್ಣನ ಮುಖ ನೋಡಿದರು.

"ಕೈಗಿ ಗಾದಿ ಕಟ್ಗೊಂಡು ಹೊಡದಾಡ್ತಾನಲ್ಲ, ಅಂವೇನ್ರಿ?" ಅಂದ ಅಣ್ಣ.

"ಅಂವೇ," ಅಂದರು ವ್ಯಾಪಾರಿ. "ಪೆಟ್ಟು ಹತ್ತಬಾರದಂತ ಗಾದಿ ಕಟ್ತಾರ. ಹತ್ತಬಾರದಂದ್ರ ಹೊಡೀತಿ ಯಾಕ?"

"ನಡುನಡುವ ಗಂಟಿ ಬಾರಸ್ತಾರ. ಸ್ಟೂಲಿನ ಮ್ಯಾಲ ಕುಂತು ನೀರು ಕುಡೀತಾರ."

"ಸಾಲಿ ಹುಡುಗ್ರಂಗ!"

"ಕೋಟಿಯವ ಆ ಗಾದಿ ಹಿಡದೇ ಎಳದು ಒಗೀತಿದ್ದ."

"ನಮ್ಮಂವ ಅದೇ ಗಾದಿ ಮ್ಯಾಲ ಅಂವನ್ನ ಮಲಗಸ್ತಿದ್ದ."

ಕ್ಲರ್ಕ್ ಬಟ್ಟೆ ಬಿಟ್ಟು ಹೊರಟೇಹೋದರು. ಅಣ್ಣ ವ್ಯಾಪಾರಿಗೆ ಚಹಾ ತರಿಸಿದ. ಅವರ ಬೆನ್ನು ತಟ್ಟಿದ. ಇಂಥದ್ದನ್ನು ನಾನು ಕಂಡಿರಲಿಲ್ಲ. ಈಗಲೇ ಲಗ್ನದ ಮಾತು ತೆಗೆಯಬೇಕು ಅಂತ ಕತ್ತರಿ ಕೆಳಗಿಟ್ಟೆ.

ಅಷ್ಟರಲ್ಲಿ ಅಣ್ಣ ಕೇಳಿದ, "ಆದ್ರ ಬೀಗರ, ಬಾಕ್ಸರನ್ನ ಮೊದಲ ಕೆಡವೂದು ಯಾರು?"

ಚಹಾ ಅಲ್ಲೇ ಆರಿತು.

ಜೋಡಿ

ಹೇಗಾದರೂ ಲಗ್ನದ ಮಾತು ಮುಗಿಸಬೇಕು ಅಂತ, ಕಮಲಾಪುರದ ಕಡೆ ಓಡುವ ಜೀಪಿನ ಡ್ರೈವರನ ಕೈಯಲ್ಲಿ ವ್ಯಾಪಾರಿಗೆ ಹೇಳಿ ಕಳಿಸಿದೆ. "ಐತವಾರ ಜೋಡಿ ಕೂಡಸೂದದ, ಬರ್ರಿ."

ಜೋಡಿ ಅಂದರೆ ನನಗೆ ಗಂಡು ಹೆಣ್ಣು. ಕುಸ್ತಿಯವರಿಗೆ ಜೋಡಿ ಅಂದರೆ ಎದುರುಬದುರು ಹಿಡಿಯುವ ಇಬ್ಬರು ಪೈಲ್ವಾನರು. ಡ್ರೈವರ್ ಇದನ್ನು ಹೇಳಿದ್ದು ಕಮಲಾಪುರದ ಕುಸ್ತಿ ತಾಲೀಮಿನ ಕಟ್ಟೆಯ ಮೇಲೆ, ಎಲ್ಲರ ಮುಂದೆ.

ಐತವಾರ ಜೀಪು ಬಂತು. ಹೆಣ್ಣುಮಕ್ಕಳು ಇಳಿಯುತ್ತಾರೆ ಅಂತ ನಾನು ಚಾಪೆ ಹಾಸಿದ್ದೆ. ಇಳಿದವರು ಪೈಲ್ವಾನರು. ಜೀಪು ತುಂಬ ಪೈಲ್ವಾನರು. ಹಿಂದೆ ಒಬ್ಬ ಹಲಗೆ ಬಾರಿಸುತ್ತಿದ್ದ.

ವ್ಯಾಪಾರಿ ತೋಳು ಏರಿಸಿ ಕೇಳಿದರು, "ಎಲ್ಲ್ಯದ ನಿಮ್ಮ ಜೋಡಿ?"

"ಒಳಗ ಚಪಾತಿ ಮಾಡ್ಲಕತ್ತಾಳ," ಅಂದೆ.

ಬಂದವರನ್ನು ಹಸಿದು ಕಳಿಸಲು ಆಗುವುದಿಲ್ಲ. ಕುಳಿತರು. ತಿಂದರು. ಮಗಳು ಮಾಡಿದಳು, ಅವರು ತಿಂದರು. ಹಿಟ್ಟು ಮುಗಿಯಿತು, ಪಕ್ಕದ ಮನೆಯಿಂದ ತಂದೆವು. ಲಗ್ನದ ಮಾತಿಗೆ ಯಾರ ಬಾಯಿಯೂ ಖಾಲಿ ಇರಲಿಲ್ಲ. ಆ ದಿನ ಕುಸ್ತಿ ಆಗಲಿಲ್ಲ. ಆದರೂ ನನ್ನ ಮಗಳು ಸೋತಳು.

ದಮ್ಮು

ಕೊನೆಗೆ ನನಗೆ ಸಿಟ್ಟು ಬಂತು. ಹೆಂಡತಿಯ ಫೋಟೋದ ಮುಂದೆ ಅಣ್ಣ, ವ್ಯಾಪಾರಿ ಇಬ್ಬರನ್ನೂ ನಿಲ್ಲಿಸಿ, ಸಂಬಂಧಕ್ಕೆ ಒಪ್ಪಿಸಿ, ಆಣೆ ಹಾಕಿಸಿದೆ. ನಿಶ್ಚಿತಾರ್ಥದ ಸಕ್ಕರೆ ಪುಡಿ ಶಾಸ್ತ್ರ ಮುಗಿದು ಎರಡೂ ಮನೆಯವರು ಸಕ್ಕರೆ ತಿನ್ನುವ ತನಕ ಪೈಲ್ವಾನ ಅನ್ನುವ ಶಬ್ದ ಬಾಯಿಂದ ಬರಬಾರದು. ಇಬ್ಬರೂ ಫೋಟೋಕ್ಕೆ ಕೈ ಮುಗಿದು ಹೂಂ ಅಂದರು.

ಶಾಸ್ತ್ರ ಕಮಲಾಪುರದಲ್ಲಿ, ಅವರ ಮನೆಯಲ್ಲೇ. ಒಂದು ಕಡೆ ಅವರ ಬಳಗ, ಒಂದು ಕಡೆ ನಮ್ಮ ಬಳಗ. ನಡುವೆ ಸ್ವಾಮಿಗಳು. ತಾಟಿನಲ್ಲಿ ಸಕ್ಕರೆ. ಮಗಳು ಒಳಗೆ ಕೋಣೆಯಲ್ಲಿ. ಸ್ವಾಮಿಗಳು ಪಂಚಾಂಗ ತೆಗೆದರು. ಅಣ್ಣ ಆಣೆ ಮುರಿಯಲಿಲ್ಲ. ಆ ಶಬ್ದ ಆಡಲಿಲ್ಲ. ಮೆಲ್ಲಗೆ ಬೀಗರ ಕಡೆ ಬಾಗಿ ಇಷ್ಟೇ ಅಂದ.

"ಏನೇ ಅನ್ರಿ, ನಿಮ್ಮಂವನಿಗಿ ದಮ್ಮಿಲ್ಲ."

ಸಭೆ ಕಿವಿಯಾಯಿತು. ಅಲ್ಲಿ 'ನಿಮ್ಮಂವ' ಅಂದರೆ ಒಬ್ಬನೇ. ಹೊಸ ಅಂಗಿ ತೊಟ್ಟು ಕುಳಿತ ಮದುಮಗ.

ವ್ಯಾಪಾರಿ ಕೆಂಪಾದರು. "ಯಾರಂದ್ರು? ನಮ್ಮಂವನಿಗಿ ದಮ್ಮು ಇತ್ತು! ಸಣ್ಣಾಂವ ಇದ್ದಾಗಿಂದ ಇತ್ತು!"

ನಮ್ಮ ಕಡೆ ದಮ್ಮು ಅಂದರೆ ಕಸುವು. ದಮ್ಮು ಅಂದರೆ ಉಬ್ಬಸದ ಬೇನೆಯೂ ಹೌದು.

ನಮ್ಮ ಅತ್ತಿಗೆ ಎದ್ದು ನಿಂತರು. "ಶಿವನೇ! ಹುಡುಗಗ ಸಣ್ಣಂದಿರತ ದಮ್ಮಿನ ಬ್ಯಾನಿ ಅದಂತ! ಇಷ್ಟು ದಿನ ಮುಚ್ಚಿಟ್ಟಿದ್ರೇನು?"

ಹುಡುಗನ ಆಯಿ ಕೋಲು ಊರಿಕೊಂಡು ಎದ್ದಳು. "ನನ್ನ ಮೊಮ್ಮಗಗ ಬ್ಯಾನಿ ಅಂದವರು ಯಾರವ್ವಾ? ಎತ್ತಿಡ್ರಿ ಸಕ್ಕರಿ!"

ಸ್ವಾಮಿಗಳು ಪಂಚಾಂಗ ಮುಚ್ಚಿದರು. ನಮ್ಮ ಹೆಣ್ಣುಮಕ್ಕಳು ಸೆರಗು ಬಿಗಿದು ಹೊರಟರು. ಹೆಂಡತಿ ಸಾಯುವಾಗ ಕೇಳಿದ್ದು ಇದೊಂದೇ.

ಅಣ್ಣ ಬಾಯಿ ತೆರೆದ. ಮುಚ್ಚಿದ. ಆಣೆ. ತೊಡೆ ತಟ್ಟಿ ತೋರಿಸಿದ. ವ್ಯಾಪಾರಿ ಮಣ್ಣು ತಗೊಂಡು ಮೈಗೆ ಹಚ್ಚಿಕೊಂಡಂತೆ ಮಾಡಿದರು. ಬೀಗರಿಬ್ಬರೂ ಹೊಡೆದಾಡಲು ಎದ್ದರು ಅಂತ ಜನ ಇನ್ನೂ ಹೆದರಿದರು.

ಆಣೆ ಇಲ್ಲದವನು ನಾನೊಬ್ಬನೇ. ಹುಟ್ಟಿದಾಗಿಂದ ಅಷ್ಟು ಜೋರಾಗಿ ನಾನು ಒದರಿದವನಲ್ಲ.

"ಪೈಲ್ವಾನ್ರೀ! ಸತ್ತ ಪೈಲ್ವಾನ್ರ ಮಾತು ಆಡ್ಲಕತ್ತಾರ! ಹುಡುಗಂದಲ್ಲ!"

ಅತ್ತಿಗೆ ನಂಬಲಿಲ್ಲ. "ಹಂಗಿದ್ರ ಹುಡುಗ ಊರ ಅಗಸಿ ಬಾಗಿಲ ತನಕ ಓಡಿ ಬರಲಿ. ಉಬ್ಬಸ ಇದ್ರ ತಿಳೀತದ."

ಮದುಮಗ ಚಪ್ಪಲಿ ಬಿಟ್ಟ. ಓಡಿದ. ಊರ ನಾಯಿಗಳು ಹಿಂದೆ ಓಡಿದವು. ಎಲ್ಲರೂ ಅಂಗಳದಲ್ಲಿ ನಿಂತು ಕಾದೆವು. ಬಂದ. ಎದೆ ಏರಿಲ್ಲ, ಇಳಿದಿಲ್ಲ. ಆಯಿ ಅವನ ಮೂಗಿನ ಮುಂದೆ ಕೈ ಹಿಡಿದು ನೋಡಿ, ಅತ್ತಿಗೆಗೂ ನೋಡು ಅಂದಳು. ಅತ್ತಿಗೆ ನೋಡಿ ತಲೆ ಆಡಿಸಿದರು. ಸ್ವಾಮಿಗಳು ಪಂಚಾಂಗ ತೆಗೆದರು. ಸಕ್ಕರೆಯ ತಾಟು ಮತ್ತೆ ನಡುವೆ ಬಂತು.

ಅಣ್ಣ ಸಕ್ಕರೆ ಕೈಗೆ ತಗೊಂಡ. ಬಾಯಿಗೆ ಹಾಕಲಿಲ್ಲ. ಹುಡುಗನ ಕಾಲಿನ ಮೀನಖಂಡವನ್ನೇ ನೋಡುತ್ತಿದ್ದ.

"ಬೀಗರ," ಅಂದ, "ಪಿಂಡ್ರಿ ಛಲೋ ಅದಾವ. ಈ ಹುಡುಗ ತನ್ನ ಜವಾನಿಯೊಳಗ, ಕೋಟಿಯವ ತನ್ನ ಜವಾನಿಯೊಳಗ ಹಿಡದಿದ್ರ..."

ವ್ಯಾಪಾರಿಯೂ ಸಕ್ಕರೆ ಹಿಡಿದ ಕೈ ಕೆಳಗಿಳಿಸಿದರು. "ನನ್ನ ಮಗ ಬೀಳ್ತಿದ್ದನೇನು?"

ನಾನು ತಲೆ ಹಿಡಿದುಕೊಂಡು ಕುಳಿತೆ.

ಕೋಣೆಯ ಬಾಗಿಲ ಪರದೆ ಸರಿಯಿತು. ಮಗಳು ಅಂದಳು:

"ದೊಡ್ಡಪ್ಪಾ, ಅವರು ಈಗ ಜವಾನಿಯೊಳಗೇ ಅದಾರ. ಅದು ಮುಗಿಯೂದ್ರೊಳಗ ಸಕ್ಕರಿ ತಿನ್ರಿ."