ಮೆತ್ತನೆಯ ಪದ ಹುಡುಕಿದ ಮೇಸ್ತ್ರಿ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ತಿಂಗಳು, ಛತ್ರಿ ಕಾರ್ಖಾನೆಯೊಂದರಲ್ಲಿ ಒಬ್ಬ ಮೇಸ್ತ್ರಿಯಿದ್ದ. ಕಡ್ಡಿ ಜೋಡಿಸುವವರ ಮೇಲೆ ಅವನ ದರ್ಬಾರು. ಬಟ್ಟೆ ಹೊಲಿಯುವವರ ಮೇಲೆ, ಎಲ್ಲರೂ ದೊಡ್ಡಕ್ಕ ಎಂದು ಕರೆಯುವ ಹಿರಿಯಳದು. ಅಲ್ಲಿನ ಯಜಮಾನನಿಗೆ ಕೆಟ್ಟ ಸುದ್ದಿಯನ್ನು ತಾನೇ ಹೇಳುವ ಎದೆಗಾರಿಕೆ ಇರಲಿಲ್ಲ. ಯಾರನ್ನಾದರೂ ಕೆಲಸ ಬಿಡಿಸಿ ಮನೆಗೆ ಕಳಿಸಬೇಕಾದರೆ ಜೊತೆಯವರ ಬಾಯಿಂದಲೇ ಹೇಳಿಸುವುದು ಅವನ ಪದ್ಧತಿ.

ಒಂದು ದಿನ ಬೆಳಿಗ್ಗೆಯೇ ಮೇಸ್ತ್ರಿಗೆ ಯಜಮಾನನಿಂದ ಕರೆ ಬಂತು. "ಛತ್ರಿ ಹೋಗ್ತಿಲ್ಲ ಕಣಯ್ಯಾ. ದೊಡ್ಡಕ್ಕನ್ನ ಕಳಿಸಿಬಿಡಬೇಕು. ಸಂಜೆ ಸೈರನ್ ಹೊಡೆಯೋದ್ರೊಳಗೆ ಹೇಳ್ತೀನಿ ಅಂತ ಮಾತು ಕೊಡು."

ಕೊಟ್ಟ.

ಮೆತ್ತಗೆ ಹೇಳಲು ಇಂಗ್ಲಿಷೇ ವಾಸಿ ಎಂದು ಟೈಪಿಸ್ಟಮ್ಮನ ಬಳಿ ಓಡಿದ. "ಫೈರ್ ಅಂದ್ರೆ ಸಾಕಲ್ವಾ?"

"ಅಯ್ಯೋ, ಫೈರ್ ಮಾಡೋದು ತಪ್ಪು ಮಾಡಿದವರನ್ನ! ಸ್ಯಾಕ್ ಅಂದ್ರೂ ಅದೇ, ಇನ್ನೂ ಒರಟು."

ಪಕ್ಕದ ಗುಮಾಸ್ತ ಮೂಗು ತೂರಿಸಿದ. "ಟರ್ಮಿನೇಟ್ ಅನ್ನಿ, ಗತ್ತಾಗಿರುತ್ತೆ."

"ಸುಮ್ನಿರಿ, ವಕೀಲರ ನೋಟೀಸು ಓದಿದ ಹಾಗಿರುತ್ತೆ. ರಿಟ್ರೆಂಚ್ ಅಂದ್ರೆ ಆ ಹುದ್ದೆಯೇ ಬೇಡ ಅಂತ. ನೀವು ಲೇ ಆಫ್ ಅನ್ನಿ ಮೇಸ್ತ್ರಿ. ತಪ್ಪು ನಿಮ್ಮದಲ್ಲ, ಈಗ ಕೆಲಸ ಇಲ್ಲ, ಬಂದ್ರೆ ಕರೀತೀವಿ ಅಂತ."

ಮೇಸ್ತ್ರಿ ಗೋದಾಮಿಗೆ ಹೋಗಿ ಛತ್ರಿ ರಾಶಿಯೆದುರು ಅಭ್ಯಾಸಕ್ಕೆ ನಿಂತ. "ನಿಮ್ಮನ್ನ ಲೇ ಆಫ್ ಮಾಡಿದೀವಿ." ರಾಶಿಯ ಹಿಂದೆ ಗೊರಕೆ ಹೊಡೆಯುತ್ತಿದ್ದ ಕಾವಲುಗಾರ ದಡಬಡಿಸಿ ಎದ್ದು ಕಾಲಿಗೆ ಬಿದ್ದ. "ಇನ್ಮೇಲೆ ನಿದ್ದೆ ಮಾಡಲ್ಲಣ್ಣೋ!" ಅವನನ್ನು ಸಮಾಧಾನಪಡಿಸುವಷ್ಟರಲ್ಲಿ ಸುದ್ದಿ ಹಬ್ಬಿತ್ತು. ಮೇಸ್ತ್ರಿ ಬಾಯಿ ತೆರೆದಲ್ಲೆಲ್ಲ ಜನ ಕಿವಿ ಮುಚ್ಚಿಕೊಂಡು ಓಡತೊಡಗಿದರು.

ದೊಡ್ಡಕ್ಕ ಮಾತ್ರ ಓಡಲಿಲ್ಲ. ಸಂಜೆ ತಾನಾಗಿಯೇ ಎದುರು ಬಂದು, ಅಳತೆಯ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು.

ಮೇಸ್ತ್ರಿ ಕಣ್ಣು ಮುಚ್ಚಿದ. "ಅಕ್ಕಾ, ತಪ್ಪು ನಿಮ್ಮದಲ್ಲ. ನಿಮ್ಮನ್ನ ಲೇ ಆಫ್ ಮಾಡಿದೀವಿ."

ದೊಡ್ಡಕ್ಕ ದೀರ್ಘವಾಗಿ ಉಸಿರುಬಿಟ್ಟಳು. "ಸದ್ಯ, ನೀನೇ ಮೊದಲು ಬಾಯಿಬಿಟ್ಟೆಯಲ್ಲ ತಮ್ಮಾ! ನಿನಗೆ ಹೇಗಪ್ಪಾ ಹೇಳೋದು ಅಂತ ನನಗೆ ತುತ್ತು ಇಳಿದಿಲ್ಲ."

"ನನಗೇನು ಹೇಳೋದು?"

"ಅದನ್ನೇ. ಯಜಮಾನ್ರು ನನ್ನಿಂದಲೂ ಮಾತು ತಗೊಂಡಿದ್ದಾರೆ."

ಮೇಸ್ತ್ರಿ ಕಂಬಕ್ಕೆ ಒರಗಿದ. ಅಂಜುತ್ತ ಕೇಳಿದ. "ನನಗೆ ಯಾವ ಪದ ಅಕ್ಕಾ?"

"ಲೇ ಆಫೇ ಕಣೋ. ನಿನ್ನನ್ನ ಫೈರ್ ಅನ್ನೋಕೆ ನನಗೆ ನಾಲಿಗೆ ಬರುತ್ತಾ?"

"ಬದುಕಿದೆ!" ಮೇಸ್ತ್ರಿಯ ಮುಖವರಳಿತು. "ಹಾಗಾದ್ರೆ ಬೇಗ ಹೇಳಿಬಿಡಿ, ಮಾತು ಕೊಟ್ಟಿದ್ದೀರಿ."

ದೊಡ್ಡಕ್ಕ ಗಂಟಲು ಸರಿಮಾಡಿಕೊಂಡು, ಒಂದೊಂದೇ ಅಕ್ಷರ ಬಿಡಿಸಿ, ಹೇಳಿಬಿಟ್ಟಳು. ಸೈರನ್ ಕೂಗಿತು.