ನೆನೆ ಮಗಳೇ, ನೆನೆ!

ನನ್ನ ಮಗಳ ತಲೆಯೊಳಗೆ ಒಂದು ಭೂಪಟ ಬರೆದೇ ತೀರುತ್ತೇನೆಂದು ನಾನು ಘೋರ ಶಪಥ ಮಾಡಿಬಿಟ್ಟೆ!

ಸುಪ್ರಿಯಾಳ ಶಾಲೆಯ ಪೋಷಕರ ಸಭೆಗೆ ಬಂದಿದ್ದ ಡಾಕ್ಟರೊಬ್ಬರು ಹೊತ್ತಿಸಿದ ಕಿಡಿ ಅದು. "ಹನ್ನೆರಡು, ಹದಿಮೂರರ ಮಕ್ಕಳ ಮಿದುಳಲ್ಲಿ ಭಾರೀ ಕೆಲಸ ನಡೀತಿರುತ್ತೆ. ಯಾವ ವಸ್ತು ಎಲ್ಲಿದೆ, ಯಾವ ದಾರಿ ಎತ್ತ ಹೋಗುತ್ತೆ ಅನ್ನೋ ಜಾಗದ ನೆನಪು ಪಳಗೋದು ಈಗಲೇ. ಆ ನೆನಪಿಗೆ ಕೆಲಸ ಕೊಡಿ" ಎಂದರು. ಕೆಲಸ ಕೊಡುವುದರಲ್ಲಿ ನನ್ನನ್ನು ಮೀರಿಸುವವರುಂಟೇ! ಮೂಡಿಗೆರೆಯಿಂದ ಜಾವಳಿಗೆ ಬರುವ ಬಸ್ಸಿನಲ್ಲೇ ಪಠ್ಯಕ್ರಮ ಸಿದ್ಧವಾಯಿತು.

ಆಟ ಸರಳ. ಮನೆಯ ವಸ್ತುವೊಂದನ್ನು ಮಗಳ ಕಣ್ಣೆದುರೇ ಹೊಸ ಜಾಗದಲ್ಲಿ ಬಚ್ಚಿಡುವುದು. ಒಂದೆರಡು ದಿನ ಬಿಟ್ಟು ಎದುರಿಗೆ ಕೂರಿಸಿಕೊಂಡು, "ಕಣ್ಣು ಮುಚ್ಚು. ಮನಸ್ಸಲ್ಲೇ ಮನೆಯೆಲ್ಲ ಸುತ್ತು. ನೆನೆ ಮಗಳೇ, ನೆನೆ!" ಎಂದು ಮಂತ್ರ ಹಾಕುವುದು. ಅವಳೋ, ಕಣ್ಣು ಮುಚ್ಚಿದ್ದೇ ತಡ, ಹೇಳಿಬಿಡುತ್ತಿದ್ದಳು. ಹೆತ್ತ ಹೊಟ್ಟೆಗೆ ಹಾಲು ಹೊಯ್ದ ಹಾಗಾಗುತ್ತಿತ್ತು. ಉಳಿದವರ ಹೊಟ್ಟೆ ಮಾತ್ರ ಉರಿಯುತ್ತಿತ್ತು.

"ಲೇ ಮಾರಾಯ್ತಿ, ನನ್ನ ಶೇವಿಂಗ್ ಸೆಟ್ ಎಲ್ಲೇ?" ಅಂದರು ನಮ್ಮನೆಯವರು, ಕಲ್ಲೇಶ್.

"ಮಗಳು ಸ್ಕೂಲಿಂದ ಬಂದ್ಮೇಲೆ ಕೇಳಿ. ಅವಳ ಮಿದುಳು ಬೆಳೀತಿದೆ."

"ನನ್ನ ಗಡ್ಡನೂ ಬೆಳೀತಿದೆ ಕಣೆ!"

ನಮ್ಮತ್ತೆ ಸರೋಜಮ್ಮನವರಿಗೆ ಪೂಜೆಯ ಹೊತ್ತಿಗೆ ವಿಭೂತಿ ಗಟ್ಟಿ ಸಿಕ್ಕಿದ್ದು ಉಪ್ಪಿನಕಾಯಿ ಜಾಡಿಯ ಹಿಂದೆ. "ಇವತ್ತು ವಿಭೂತಿ. ನಾಳೆ ನನ್ನನ್ನೇ ಎತ್ತಿ ಅಟ್ಟದ ಮೇಲೆ ಇಡ್ತೀಯೇನೇ?" ಎಂದರು. ನಾನು ಜಗ್ಗಲಿಲ್ಲ. ವಿಜ್ಞಾನಕ್ಕೆ ವಿರೋಧ ಯಾವ ಕಾಲದಲ್ಲಿರಲಿಲ್ಲ!

ಕೊನೆಗೆ ಮಹಾಪರೀಕ್ಷೆ ಬಂತು. ಸ್ಟೋರ್ ರೂಮಿನ ಬೀಗದ ಕೈಯನ್ನು ಮಗಳಿಗೆ ತೋರಿಸಿ ಬಚ್ಚಿಟ್ಟೆ. "ನಾಡಿದ್ದು ಕೇಳ್ತೀನಿ. ಅಲ್ಲಿವರೆಗೆ ಯಾರು ಕೇಳಿದ್ರೂ ಬಾಯಿ ಬಿಡಬಾರ್ದು. ನಾನೇ ಅತ್ತು ಕರೆದು ನಾಟಕ ಆಡಿದ್ರೂ!" ಎಂದು ಆಣೆ ಹಾಕಿಸಿದೆ.

ಮರುದಿನ ಮಗಳು ಶಾಲೆಗೆ ಹೋದಳು. ಇವರು ಹಣ್ಣಿನ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿಯ ಸ್ಯಾಂಪಲ್ ಹಿಡಿದು ಚಿಕ್ಕಮಗಳೂರಿಗೆ ಹೋದರು. ಕಣದ ತುಂಬ ಈ ವರ್ಷದ ಕೊನೇ ಕುಯ್ಲಿನ ಬೀಜ ಚಿನ್ನದಂತೆ ಒಣಗುತ್ತಿತ್ತು. ಮಧ್ಯಾಹ್ನ ಇವರ ಫೋನು: "ರೇಟು ಕುದುರ್ತು ಕಣೆ! ಆದ್ರೆ ಸ್ಯಾಂಪಲ್ಲಿನ ಬಣ್ಣವೇ ಇರ್ಬೇಕಂತೆ. ಒಂದು ಹನಿ ನೀರು ಬಿದ್ರೂ ಮಾತು ಮುರೀತು."

ನಾನು ಫೋನಿಟ್ಟೆ, ಗುಡುಗು ಎತ್ತಿಕೊಂಡಿತು!

ಹೂಮಳೆ! ಕಾಫಿ ಗಿಡ ಹೂ ಬಿಡಲೆಂದು ಊರೆಲ್ಲ ಹರಕೆ ಹೊತ್ತು ಕಾಯುವ ಮಳೆ. ನಮ್ಮ ಕಣದ ಮೇಲೆ ಮಾತ್ರ ಅದು ಯಮನ ಸವಾರಿ!

"ಅಮ್ಮಾ, ಸ್ಟೋರ್ ಕೀ ಕೊಡಿ!" ಮೇಸ್ತ್ರಿ ಗಿಡ್ಡಪ್ಪ ಓಡಿಬಂದ. "ರಾತ್ರಿ ಮಂಜಿಗಾದ್ರೆ ಗೋಣಿತಾಟು ಸಾಕು. ಮಳೆಗೆ ಟಾರ್ಪಾಲೇ ಆಗ್ಬೇಕು!"

ಕೀ? ನಾನು ಕಣ್ಣು ಮುಚ್ಚಿದೆ. ಮನಸ್ಸಿನಲ್ಲೇ ಮನೆ ಸುತ್ತಿದೆ. ಕತ್ತಲೆ! ಅಕ್ಕಿ ಡಬ್ಬ ಬಗ್ಗಿಸಿದೆ, ಹಾಸಿಗೆ ಕೊಡವಿದೆ, ಅತ್ತೆಯ ಎಲೆಯಡಿಕೆ ಚೀಲವನ್ನೂ ಬಿಡಲಿಲ್ಲ. ಕೀ ಸಿಗಲಿಲ್ಲ, ಶೇವಿಂಗ್ ಸೆಟ್ ಸಿಕ್ಕಿತು.

ಶಾಲೆಗೆ ಫೋನು ಮಾಡಿ, "ಮೇಡಂ, ತುಂಬಾ ಅರ್ಜೆಂಟು" ಎಂದು ಮಗಳನ್ನು ಫೋನಿಗೆ ಕರೆಸಿದೆ.

"ಪುಟ್ಟಾ, ಸ್ಟೋರ್ ಕೀ ಎಲ್ಲಿದೆ?"

"ಹೇಳಲ್ಲ."

"ಮಳೆ ಬರ್ತಿದೆ ಕಣೇ!"

"ನಾಟಕ."

"ನನ್ನಾಣೆಗೂ ಕಣೇ, ಅಳು ಬರ್ತಿದೆ!"

"ಅತ್ತು ಕರೆದ್ರೂ ಹೇಳಬಾರ್ದು ಅಂದಿದ್ದು ನೀನೇ. ಚೆನ್ನಾಗಿ ನೆನಪಿದೆ."

ಅಷ್ಟರಲ್ಲಿ ಧಡ್ ಎಂಬ ಸದ್ದು. ಗಿಡ್ಡಪ್ಪ ಕಲ್ಲು ಹಾಕಿ ಬೀಗವನ್ನೇ ಒಡೆದಿದ್ದ! ಜಯವಾಯಿತು ಎನ್ನುವಷ್ಟರಲ್ಲಿ ಅವನ ಕೂಗು: "ಅಮ್ಮಾ, ಒಳಗೆ ಟಾರ್ಪಾಲೇ ಇಲ್ಲ!"

ಫೋನಿನಲ್ಲಿ ಅವನ ಕೂಗು ಕೇಳಿಸಿಕೊಂಡ ಮಗಳು, "ಟಾರ್ಪಾಲ್ ಬೇಕಿತ್ತಾ? ಮೊದ್ಲೇ ಹೇಳೋದಲ್ವಾ!" ಎಂದಳು. "ಅದರ ಆಟ ಮುಗೀತಲ್ಲಮ್ಮಾ. ಹೋದ ಭಾನುವಾರ ನಾವಿಬ್ರೂ ಎಳ್ಕೊಂಡು ಹೋಗಿ ಜೀಪ್ ಶೆಡ್ಡಿಗೆ ಹಾಕಿದ್ವಿ. ಬಲಗಡೆ ಮೂಲೆ, ಹಳೇ ಟಯರ್ ಹಿಂದೆ. ವಾಪಸ್ ಇಡೋಕೆ ನೀನು ಮರ್ತೆ. ಕೀ ಎಲ್ಲಿದೆ ಅಂತ ಮಾತ್ರ ನಾಳೇನೇ ಹೇಳೋದು!"

ಜೀಪ್ ಶೆಡ್ಡು! ಕಣದ ಪಕ್ಕದಲ್ಲೇ, ಬಾಗಿಲೂ ಇಲ್ಲದ, ಬೀಗವೂ ಇಲ್ಲದ ಶೆಡ್ಡು!

ಹೇಗೆ ಓಡಿದೆನೋ ಶಿವನಿಗೇ ಗೊತ್ತು. ನಾನೊಂದು ತುದಿ, ಗಿಡ್ಡಪ್ಪ ಇನ್ನೊಂದು ತುದಿ ಹಿಡಿದು ಎಳೆದೆವು. ಟಾರ್ಪಾಲು ಕಾಫಿಯ ಮೇಲೆ ಬಿತ್ತು, ಆಕಾಶ ನನ್ನ ಮೇಲೆ ಬಿತ್ತು. ಗಾಳಿಗೆ ಹಾರದಂತೆ ಅಂಚಿಗೆ ಕಲ್ಲು ಹೇರಿ ಮುಗಿಸುವವರೆಗೂ ಸುರಿಯಿತು. ಒಂದು ಬೀಜಕ್ಕೂ ನೀರು ತಾಗಲಿಲ್ಲ.

ಸೆರಗು ಹಿಂಡುತ್ತ, ಸೀನುತ್ತ ಜಗಲಿಗೆ ಬಂದೆ. ಅತ್ತೆ ಟವೆಲು ತಂದು ನನ್ನ ತಲೆ ಗಸಗಸ ಒರೆಸಿದರು. ಪಾಪ, ಎಷ್ಟು ಅಕ್ಕರೆ ಅಂದುಕೊಂಡೆ.

"ನೆನಿ ನೆನಿ ಅಂತ ಆ ಮಗೂನ ಅಷ್ಟು ದಿನ ಹಿಡ್ಕಂಡು ಕೂತಿದ್ಯಲ್ಲೇ," ಎಂದರು, "ಕೊನೆಗೆ ಸರಿಯಾಗಿ ನೆಂದೋಳು ನೀನೇ ನೋಡು!"